ಜೀಪಿನ ಟಾಪಿಗೆ ಚೊಗರು, ಮೇಲೊಂದು ಕೋಟು ಮೇಣ

ನಮ್ಮ ಜೀಪಿನ ಕ್ಯಾನ್ವಾಸ್ ಟಾಪು ಹಿಂದೆ ಯಾವ ಬಣ್ಣದ್ದಾಗಿತ್ತು ಅಂತ ಮನೆಯಲ್ಲಿ ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಅಮ್ಮ ಖಾಕಿ ಅಂದಳು. ಅಪ್ಪಯ್ಯ ಹಸಿರು ಅಂದರು. ಕಳೆದ ಮೇ ಮೊದಲ ವಾರ, ಹಿಂದಿನ ಪರದೆಯನ್ನು ಸುತ್ತಿ ಕಟ್ಟುವ ಬೆಲ್ಟ್ ಬಿಚ್ಚಿದೆ. ಅದರ ಅಡಿಯಲ್ಲಿ ಎರಡು ಬೆರಳಗಲದ ಪಟ್ಟಿಯೊಂದು ಹಲಸಿನ ಎಲೆಯ ಹಾಗೆ ಕಡು ಹಸಿರಾಗಿ ಕಂಡಿತು. ಅದರ ಆಚೀಚೆ ಎಲ್ಲ ಬರೀ ಒಲೆಬೂದಿ. ಅಪ್ಪಯ್ಯನೇ ಗೆದ್ದರು.

ಜೀಪು 1992ರ ಮಹೀಂದ್ರಾ ಎಂಎಂ 540. ಪ್ಯೂಜೋ ಡೀಸೆಲ್ ಎಂಜಿನ್ನಿನದ್ದು. ಎಂಜಿನ್ ಈಗಲೂ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದು ಕೂರುತ್ತದೆ. ಸಮಸ್ಯೆ ಇದ್ದದ್ದು ತಲೆಯ ಮೇಲೆ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆಯಿಂದ ಒಳಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲ. ಆದರೆ ಸೋರುವ ಟಾಪಿನ ಅಡಿಯಲ್ಲಿ ಕೂತವನಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಿಂದಿನ ಮಳೆಗಾಲದಲ್ಲಿ ಅಪ್ಪಯ್ಯ ಜೀಪಿನೊಳಗೇ ಕೊಡೆ ಬಿಚ್ಚಿ ಕೂತು ಪೇಟೆಗೆ ಬಂದಿದ್ದರು. ಅದನ್ನು ಸೊಸೈಟಿ ಹತ್ತಿರ ನಾಲ್ಕು ಜನ ನೋಡಿದ್ದರು. ಅಲ್ಲಿಂದ ಶುರುವಾಯಿತು ಇದು.

ಹೊಸ ಟಾಪ್ ಹೊಲಿಸಲು ಕೇಳಿದ್ದಕ್ಕೆ 11,000 ರೂಪಾಯಿ ಹೇಳಿದರು, ಅದೂ ರೆಗ್ಜಿನ್ನಿನದ್ದು. ಅಸಲಿ ಹತ್ತಿ ಕ್ಯಾನ್ವಾಸ್ ಬೇಕೆಂದರೆ ತರಿಸಬೇಕು, ಇನ್ನೂ ಜಾಸ್ತಿ ಆಗುತ್ತದೆ. ಅಪ್ಪಯ್ಯ ಟಾಪಿನ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಎಳೆದು ನೋಡಿ, "ಬಟ್ಟೆ ಗಟ್ಟಿ ಇದೆ ಮಾರಾಯ, ಮೈ ಮಾತ್ರ ಹೋಗಿದೆ" ಅಂದರು.

ಮೊದಲು ನನ್ನದೊಂದು ಹಳೇ ತಪ್ಪು ಹೇಳಿಬಿಡುತ್ತೇನೆ. ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ಪೇಟೆಯಿಂದ ಹಸಿರು ಬಣ್ಣದ ಪುಡಿಯ ಪೊಟ್ಟಣ ತಂದು, ಬಕೆಟ್ ತಣ್ಣೀರಿನಲ್ಲಿ ಕಲಸಿ, ಸುಣ್ಣ ಹೊಡೆಯುವ ಬ್ರಶ್ಶಿನಲ್ಲಿ ಟಾಪಿಗೆ ಬಳಿದಿದ್ದೆ. ಒಣಗಿದಾಗ ಜೀಪು ಶೋರೂಮಿನಿಂದ ಬಂದ ಹಾಗಿತ್ತು. ಎಂಟು ದಿನ ಬಿಟ್ಟು ಚಿಕ್ಕಪ್ಪನ ಮಗಳ ಮದುವೆಗೆ ಹೊರಟೆವು. ಅರ್ಧ ದಾರಿಯಲ್ಲಿ ಅಡ್ಡಮಳೆ ಹೊಡೆಯಿತು. ಚೌಲ್ಟ್ರಿ ಮುಟ್ಟುವಾಗ ಅಪ್ಪಯ್ಯನ ಬಿಳಿ ಪಂಚೆಯ ಮೇಲೆ ಸೊಂಟದಿಂದ ಮೊಣಕಾಲಿನವರೆಗೆ ಹಸಿರು ಗೆರೆಗಳು. ಮದುವೆ ಮನೆಯ ಮಕ್ಕಳು ಅವರ ಹಿಂದೆಯೇ ತಿರುಗುತ್ತಿದ್ದವು. ಪೊಟ್ಟಣದ ತಪ್ಪೇನೂ ಇಲ್ಲ. ಹತ್ತಿಗೆ ಹಾಕುವ ಅಂಥ ಬಣ್ಣ ನೂಲಿನೊಳಗೆ ಇಳಿಯಬೇಕಾದರೆ ಬಿಸಿ ಬೇಕು, ಉಪ್ಪು ಬೇಕು, ಸಮಯ ಬೇಕು. ನಾನು ಬಳಿದದ್ದು ಬಟ್ಟೆಯ ಮೇಲೆ ಕೂತಿತ್ತು ಅಷ್ಟೇ. ಅದರ ಮೇಲೆ ನೀರು ತಡೆಯಲು ಏನನ್ನೂ ಹಾಕಿರಲಿಲ್ಲ. ಬಣ್ಣ ಕೊಡುವುದು ಒಂದು ಕೆಲಸ, ನೀರು ತಡೆಯುವುದು ಬೇರೆಯೇ ಕೆಲಸ ಅಂತ ಆಗ ನನಗೆ ಹೊಳೆದಿರಲಿಲ್ಲ.

ಈ ಸಲ ಟಾಪನ್ನು ಬಿಚ್ಚಿಯೇ ಮಾಡುವುದೆಂದು ತೀರ್ಮಾನಿಸಿದೆ. ಬಿಚ್ಚುವ ಮೊದಲು ಎರಡು ಪರೀಕ್ಷೆ ಮಾಡಿದೆ. ಅಂಚಿನಿಂದ ಒಂದು ಎಳೆ ನೂಲು ಕಿತ್ತು ಬೆಂಕಿ ಹಚ್ಚಿದೆ. ಕಾಗದದ ಹಾಗೆ ಉರಿದು ಬೂದಿಯಾಯಿತು, ವಾಸನೆಯೂ ಕಾಗದದ್ದೇ. ಅಂದರೆ ಹತ್ತಿ. ಕರಗಿ ಗುಂಡಗೆ ಮಣಿಯಾಗಿದ್ದರೆ ನೈಲಾನೋ ಪಾಲಿಯೆಸ್ಟರೋ ಆಗಿರುತ್ತಿತ್ತು, ಆಗ ನಾನು ಮುಂದೆ ಮಾಡಿದ್ದು ಯಾವುದೂ ನಡೆಯುತ್ತಿರಲಿಲ್ಲ. ಆಮೇಲೆ ದಬ್ಬಣದ ತುದಿಯನ್ನು ಬಟ್ಟೆಗೆ ಒತ್ತಿ ಪಕ್ಕಕ್ಕೆ ಎಳೆದು ನೋಡಿದೆ. ನೂಲುಗಳು ಸರಿದು ದಾರಿ ಬಿಟ್ಟವು, ಹರಿಯಲಿಲ್ಲ. ಬಿಸಿಲಿಗೆ ಸತ್ತ ಬಟ್ಟೆಯಾದರೆ ಹಪ್ಪಳದ ಹಾಗೆ ಬಿರಿಯುತ್ತದೆ. ಅಂಥದ್ದಕ್ಕೆ ಬಣ್ಣ ಹಾಕುವುದು ದಂಡ.

ಎಲ್ಲಿಗೆ ಯಾವ ಬೆಲ್ಟು, ಯಾವ ರಿಂಗಿಗೆ ಯಾವ ಹಗ್ಗ ಅಂತ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಇದೊಂದನ್ನು ಮಾತ್ರ ನಾನು ಬುದ್ಧಿವಂತಿಕೆಯಿಂದ ಮಾಡಿದ್ದು.

ತೊಳೆಯುವ ಕೆಲಸಕ್ಕೆ ಎರಡು ದಿನ ಹಿಡಿಯಿತು. ಮೊದಲ ದಿನ ನೀರೇ ಮುಟ್ಟಿಸಲಿಲ್ಲ. ಅಂಗಳದ ಬಿಸಿಲಿಗೆ ಹರವಿ, ಕೋಲಿನಲ್ಲಿ ಬಡಿದು, ತೆಂಗಿನ ನಾರಿನ ಬ್ರಶ್ಶಿನಲ್ಲಿ ಒಣ ಹಾವಸೆ, ಬೂಸ್ಟು ಎಲ್ಲ ಕೆರೆದೆ. ಬೂಸ್ಟಿನ ಕಪ್ಪು ಚುಕ್ಕೆ ಇದ್ದಲ್ಲಿ ಒಂದು ಪಾಲು ವಿನೆಗರಿಗೆ ಎರಡು ಪಾಲು ನೀರು ಸೇರಿಸಿ ಒರೆಸಿ ಬಿಸಿಲಿಗೆ ಬಿಟ್ಟೆ. ಬ್ಲೀಚಿಂಗ್ ಪುಡಿ ಹಾಕು, ಫಟ್ ಅಂತ ಹೋಗುತ್ತದೆ ಅಂತ ಪಕ್ಕದ ಮನೆಯವರು ಹೇಳಿದರು. ಬೂಸ್ಟೂ ಹೋಗುತ್ತದೆ, ಜೊತೆಗೆ ಹತ್ತಿಯ ಜೀವವೂ ಹೋಗುತ್ತದೆ. ಹಿಂದೊಮ್ಮೆ ಜೀಪನ್ನು ವಾಟರ್ ಸರ್ವಿಸಿಗೆ ಕೊಟ್ಟಾಗ ಅಲ್ಲಿಯ ಹುಡುಗ ಪ್ರೆಶರ್ ಪೈಪನ್ನು ಟಾಪಿನ ಹೊಲಿಗೆಗೇ ಹಿಡಿದು, ಒಂದು ಗೇಣು ಹೊಲಿಗೆ ಬಾಯಿ ಬಿಟ್ಟಿತ್ತು. ಅದರ ಸಿಟ್ಟು ಇನ್ನೂ ಇಳಿದಿಲ್ಲ. ಹಾಗಾಗಿ ಕೈಯಲ್ಲೇ ತಿಕ್ಕಿದ್ದು.

ಎರಡನೇ ದಿನ ಹಳ್ಳಕ್ಕೆ ಹೊತ್ತುಕೊಂಡು ಹೋದೆವು. ಒಣ ಟಾಪನ್ನು ನಾನೊಬ್ಬನೇ ಹೊತ್ತಿದ್ದೆ. ಒದ್ದೆಯಾದ ಮೇಲೆ ಇಬ್ಬರು ಬೇಕಾದರು, ಹೋರಿಕರು ಎತ್ತಿದ ಹಾಗೆ. ಸೋಪಿನ ಪುಡಿ ಬದಲು ಅಂಟುವಾಳದ ನೊರೆಯಲ್ಲಿ ತಿಕ್ಕಿದೆವು. ಆದರೆ ನೊರೆ ಯಾವುದಾದರೂ ಸರಿ, ಅದು ಬಟ್ಟೆಯಲ್ಲಿ ಉಳಿಯಬಾರದು. ನೊರೆಯ ಗುಣವೇ ನೀರನ್ನು ಬಟ್ಟೆಯೊಳಗೆ ಕರೆದುಕೊಂಡು ಹೋಗುವುದು. ಅದನ್ನು ಒಳಗೆ ಬಿಟ್ಟು ಮೇಲೆ ಮೇಣ ಹಚ್ಚುವುದೆಂದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಹಿಂಡಿದ ನೀರು ತಿಳಿಯಾಗಿ ಬರುವ ತನಕ ಜಾಲಿಸಿದೆವು. ಆರು ಸಲ ಆಯಿತು.

ಹೊಲಿಗೆಗೆ ಪೇಟೆಯ ಕುಷನ್ ಅಂಗಡಿಯ ಭಾಯ್ ಹತ್ತಿರ ಹೋದೆ. ವಯಸ್ಸಾದವರು, ಕನ್ನಡಕ ಮೂಗಿನ ತುದಿಯಲ್ಲಿ. ಟಾಪನ್ನು ಬೆಳಕಿಗೆ ಹಿಡಿದು ನೋಡಿ, "ಬಟ್ಟೆ ಸೋರಲ್ಲ ಸ್ವಾಮಿ, ತೂತು ಸೋರೋದು" ಅಂದರು. ಅವರು ತೋರಿಸಿದ್ದು ನಡುವಿನ ಜೋಡಣೆಯ ಸೂಜಿ ತೂತುಗಳನ್ನು. ಹಳೇ ಹೊಲಿಗೆಯ ನೂಲು ಸವೆದು ಕೂದಲೆಳೆಯಷ್ಟಾಗಿತ್ತು, ತೂತು ಮಾತ್ರ ಮೊದಲಿನಷ್ಟೇ ದೊಡ್ಡದು. ಹತ್ತಿ ನೂಲಿನಲ್ಲೇ ಹೊಲಿಯಬೇಕು, ಅದು ನೀರು ಕುಡಿದು ಉಬ್ಬಿ ತೂತು ಮುಚ್ಚುತ್ತದೆ, ನೈಲಾನ್ ಉಬ್ಬುವುದಿಲ್ಲ ಅಂತ ಅವರ ವಾದ. ಆದರೆ ಅಷ್ಟು ದಪ್ಪದ ಹತ್ತಿ ನೂಲು ಅವರ ಹತ್ತಿರ ಇದ್ದದ್ದು ಒಂದೇ ಉಂಡೆ, ನೆತ್ತಿಯ ಹೊಲಿಗೆಗಷ್ಟೇ ಸಾಲುವಷ್ಟು. ಬಲಬದಿಯ ಸೂರಂಚನ್ನು ನೈಲಾನಿನಲ್ಲಿ ಹೊಲಿದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಹತ್ತಿ ಉಬ್ಬುವ ಮಾತು ಕೇಳಿದಾಗ ನನಗೆ ಚಿಕ್ಕಂದಿನ ಒಂದು ಬೈಗುಳ ನೆನಪಾಯಿತು. ಮಳೆಯಲ್ಲಿ ಜೀಪಿನಲ್ಲಿ ಹೋಗುವಾಗ ನಾವು ಮಕ್ಕಳು ಒಳಗಿನಿಂದ ಟಾಪನ್ನು ಬೆರಳಿನಲ್ಲಿ ಒತ್ತಿ ಆಡುತ್ತಿದ್ದೆವು. "ಮುಟ್ಟಬೇಡ್ರೋ, ಸೋರ್ತದೆ" ಅಂತ ಅಪ್ಪಯ್ಯ ಕೂಗುತ್ತಿದ್ದರು. ನಿಜಕ್ಕೂ ಬೆರಳು ಇಟ್ಟಲ್ಲೇ ಹನಿ ಮೂಡುತ್ತಿತ್ತು. ಅದು ಮಾಯ ಅಲ್ಲ. ದಟ್ಟವಾಗಿ ನೇಯ್ದ ಹತ್ತಿ ಬಟ್ಟೆ ನೆನೆದಾಗ ನೂಲು ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ, ನೀರು ಮೇಲಿಂದಲೇ ಜಾರಿ ಹೋಗುತ್ತದೆ. ಒಳಗಿಂದ ಬೆರಳು ತಾಗಿಸಿದರೆ ಬಟ್ಟೆಯಲ್ಲಿ ತಡೆದು ನಿಂತ ನೀರಿಗೆ ಇಳಿಯಲು ಒಂದು ದಾರಿ ಸಿಕ್ಕ ಹಾಗಾಗುತ್ತದೆ. ಆಮೇಲೆ ಅದು ಅಲ್ಲಿಂದಲೇ ಇಳಿಯುತ್ತದೆ. ಅಜ್ಜನ ಕಂಬಳಿಕೊಪ್ಪೆಯ ಲೆಕ್ಕವೂ ಸುಮಾರು ಹೀಗೇ. ಅದರಲ್ಲಿ ಉಣ್ಣೆಯ ಜಿಡ್ಡು ಬೇರೆ ಇರುತ್ತಿತ್ತು. ಕಂಬಳಿಯನ್ನು ಸೋಪು ಹಾಕಿ ಒಗೆದರೆ ಅಜ್ಜ ಯಾಕೆ ರೇಗುತ್ತಿದ್ದರು ಅಂತ ಈಗ ಅರ್ಥವಾಗುತ್ತದೆ.

ಈಗ ಬಣ್ಣದ ವಿಷಯ. ಪುಡಿ ಪೊಟ್ಟಣದ ಕಡೆಗೆ ಮತ್ತೆ ತಲೆ ಹಾಕುವ ಧೈರ್ಯ ಇರಲಿಲ್ಲ. ಟಾಪನ್ನು ಕುದಿಯುವ ನೀರಿಗೆ ಹಾಕುವ ಹಾಗೂ ಇಲ್ಲ, ಹತ್ತಿ ಕುಗ್ಗಿಬಿಡುತ್ತದೆ. ಯೋಚನೆ ಮಾಡುತ್ತಾ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿದ್ದಾಗ ಚೊಗರಿನ ಡಬ್ಬ ಕಣ್ಣಿಗೆ ಬಿತ್ತು.

ಅಡಿಕೆ ಇಲ್ಲದ ಊರಿನವರಿಗೆ ಹೇಳಬೇಕು. ಹಸಿ ಅಡಿಕೆ ಸುಲಿದು ಬೇಯಿಸುತ್ತೇವಲ್ಲ, ಆ ನೀರು ಮತ್ತೆ ಮತ್ತೆ ಕುದ್ದು ಕೆಂಪಗೆ, ದಪ್ಪಗೆ ಆಗುತ್ತದೆ. ಅದೇ ಚೊಗರು. ಅಡಿಕೆಗೆ ಬಣ್ಣ ಬರಲು ಅದನ್ನೇ ಹಾಕುತ್ತೇವೆ. ಬಟ್ಟೆಗೆ ತಾಗಿದರೆ ಹೋಗುವುದಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮ ಮನೆಯಲ್ಲಿ ಒಂದಾದರೂ ಒಳ್ಳೆ ಅಂಗಿ ಅದಕ್ಕೆ ಬಲಿಯಾಗುತ್ತದೆ. ಹೆಗ್ಗೋಡಿನ ಕೈಮಗ್ಗದ ಸಂಸ್ಥೆ ಚರಕದವರು ಚೊಗರಿನಲ್ಲೇ ಸೀರೆ, ಜುಬ್ಬದ ಬಟ್ಟೆಗೆ ಬಣ್ಣ ಹಾಕುತ್ತಾರೆ. ಅಂಗಿಗೆ ಹಿಡಿಯುವುದು ಟಾಪಿಗೆ ಯಾಕೆ ಹಿಡಿಯಬಾರದು?

ಅಪ್ಪಯ್ಯನಿಗೆ ಹೇಳಿದೆ. "ಕೆಂಪು ಜೀಪಾ? ಅಂಚೆ ಇಲಾಖೆಯದ್ದು ಅಂದ್ಕೋತಾರೆ" ಅಂದರು.

ಅದಕ್ಕೆ ಉತ್ತರ ಕೊಟ್ಟದ್ದು ಅಮ್ಮ. ಅವಳು ಬಾಳೆಕಾಯಿ ಹೆಚ್ಚುತ್ತಿದ್ದವಳು ತಲೆ ಎತ್ತದೆ ಹೇಳಿದಳು, "ಅಡಿಕೆ ಸುಲಿಯೋರ ಕೈ ನೋಡ್ಲಿಲ್ವಾ? ಕೆಂಪಗಿರ್ತದಾ ಅದು?"

ಇರುವುದಿಲ್ಲ. ಕಪ್ಪಗಿರುತ್ತದೆ. ಮೆಟ್ಟುಗತ್ತಿಯ ಕಬ್ಬಿಣಕ್ಕೆ ಅಡಿಕೆಯ ಒಗರು ತಾಗಿ ಆಗುವ ಕಪ್ಪು ಅದು, ಹದಿನೈದು ದಿನವಾದರೂ ಕೈಯಿಂದ ಹೋಗುವುದಿಲ್ಲ. ಒಗರಿಗೆ ಕಬ್ಬಿಣ ಸೇರಿದರೆ ಬಣ್ಣ ಕಪ್ಪಿಗೆ ತಿರುಗುತ್ತದೆ. ಅಡಿಕೆಯಂಥ ಒಗರಾದರೆ ಆ ಕಪ್ಪಿನಲ್ಲಿ ಹಸಿರು ಛಾಯೆ ಇರುತ್ತದೆ. ಅಳತೆ ಕಡಿಮೆ ಮಾಡಿದರೆ ಕಪ್ಪಿನ ತನಕ ಹೋಗದೆ ಹಸಿರಿನಲ್ಲೇ ನಿಲ್ಲಿಸಬಹುದಲ್ವಾ?

ಗ್ರಂಧಿಗೆ ಅಂಗಡಿಯಿಂದ ಅನ್ನಭೇದಿ ತಂದೆ, ಪಟಿಕವನ್ನೂ ತಂದೆ. ಅನ್ನಭೇದಿ ಅಂದರೆ ಕಬ್ಬಿಣದ ಉಪ್ಪು, ತಿಳಿ ಹಸಿರು ಹರಳು. ಪಟಿಕ ಕ್ಷೌರದ ಅಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಉಜ್ಜುವ ಬಿಳಿ ಕಲ್ಲು. ಟಾಪಿನ ಒಳಜೇಬಿನ ಬಟ್ಟೆಯನ್ನು ಕತ್ತರಿಸಿ ಐದು ತುಂಡು ಮಾಡಿದೆ. ಬರೀ ಚೊಗರಿನಲ್ಲಿ ಅದ್ದಿದ್ದು ಎಲೆ ಅಡಿಕೆ ಉಗಿದ ಗೋಡೆಯ ಹಾಗಾಯಿತು. ಪಟಿಕದ ನೀರಿನಲ್ಲಿ ನೆನೆಸಿ ಆಮೇಲೆ ಚೊಗರಿಗೆ ಹಾಕಿದ್ದು ಹಂಚಿನ ಬಣ್ಣ. ಅದನ್ನೇ ಒಂದು ಚಮಚ ಅನ್ನಭೇದಿ ಕರಗಿಸಿದ ಬಕೆಟ್ ನೀರಿಗೆ ಹಾಕಿ ಎತ್ತಿದೆ. ಎತ್ತುವಾಗ ಕಂದು ಇತ್ತು. ಗಾಳಿ ತಾಗುತ್ತಿದ್ದ ಹಾಗೆ ಅಂಚಿನಿಂದ ಕಪ್ಪು ಹತ್ತತೊಡಗಿತು, ಕಾಗದಕ್ಕೆ ಶಾಯಿ ಚೆಲ್ಲಿದ ಹಾಗೆ. ಒಂದು ನಿಮಿಷದಲ್ಲಿ ಇಡೀ ತುಂಡು ಕಾಡುಕೋಣದ ಮೈಬಣ್ಣ. ಅಯ್ಯೋ ಇದು ಜಾಸ್ತಿಯಾಯ್ತು ಅಂತ ಮುಂದಿನ ತುಂಡಿಗೆ ಚಮಚದ ಕಾಲು ಭಾಗ ಹಾಕಿದೆ. ಆಗ ಬಂದದ್ದು ಕಂದೂ ಅಲ್ಲದ, ಹಸಿರೂ ಅಲ್ಲದ, ಮಳೆಗಾಲ ಮುಗಿದ ಮೇಲಿನ ಪಾಚಿಯಂಥ ಬಣ್ಣ. ಬೆಲ್ಟಿನ ಅಡಿಯ ಹಸಿರಿನ ಪಕ್ಕ ಇಟ್ಟು ನೋಡಿದೆ. ಅದೇ ಬಣ್ಣ ಅಲ್ಲ. ಆದರೆ ದಾಯಾದಿ ಅನ್ನಬಹುದು.

ಅನ್ನಭೇದಿ ಕಡಿಮೆ ಹಾಕಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಕಬ್ಬಿಣ ಜಾಸ್ತಿಯಾದರೆ ಕಾಲ ಕಳೆದಂತೆ ಹತ್ತಿಯನ್ನೇ ತಿನ್ನುತ್ತದೆ. ಒಗರಿನಿಂದ ಮಾತ್ರ ಲಾಭವೇ. ಹಿಂದೆ ಯುರೋಪಿನ ಮೀನುಗಾರರು ಹತ್ತಿ ಬಲೆ ಮತ್ತು ಹಾಯಿಗಳನ್ನು ಮರದ ತೊಗಟೆಯ ಕಷಾಯದಲ್ಲಿ, ನಮ್ಮ ಕಡೆಯಿಂದ ಹೋದ ಕಾಚಿನಲ್ಲಿ ಅದ್ದಿ ಒಣಗಿಸುತ್ತಿದ್ದರು, ಬೇಗ ಕೊಳೆಯಬಾರದು ಅಂತ. ಹಳೇ ಚಿತ್ರಗಳಲ್ಲಿ ದೋಣಿಯ ಹಾಯಿ ಕಂದುಗೆಂಪಾಗಿ ಕಾಣುವುದು ಅದಕ್ಕೇ. ಅಮ್ಮ ಹೇಳಿದ ಖಾಕಿಗೂ ನಮ್ಮ ಘಟ್ಟದ ಕೆಳಗಿನದ್ದೇ ಒಂದು ಕಥೆ ಇದೆ. ಮಂಗಳೂರಿನ ಬಲ್ಮಠದಲ್ಲಿದ್ದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದಲ್ಲಿ ಹಾಲರ್ ಎಂಬ ಜರ್ಮನ್ನರು ಆ ಬಣ್ಣ ತಯಾರಿಸಿದರು ಅಂತ ಕರಾವಳಿಯವರು ಹೆಮ್ಮೆಯಿಂದ ಹೇಳುತ್ತಾರೆ. ಆಮೇಲೆ ಮಿಲಿಟರಿ ಬಟ್ಟೆಗೆ ಬಂದ ಖಾಕಿಗಳಲ್ಲಿ ಒಂದು ಬಗೆಯದ್ದು ನೂಲಿನೊಳಗೆ ಕಬ್ಬಿಣ ಮತ್ತು ಕ್ರೋಮಿಯಮ್ಮಿನ ಆಕ್ಸೈಡನ್ನೇ ಕೂರಿಸಿ ಮಾಡಿದ್ದು. ಬಿಸಿಲಿಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ. ನನ್ನ ಚೊಗರು ಅಷ್ಟು ಗಟ್ಟಿಯಲ್ಲ, ಗೊತ್ತಿದೆ.

ಬಣ್ಣ ಹಾಕುವ ದಿನ ಅಡಿಕೆ ಬೇಯಿಸುವ ತಾಮ್ರದ ಹಂಡೆ ಕೇಳಿದ್ದಕ್ಕೆ ಅಮ್ಮ ಒಪ್ಪಿದಳು, ಅನ್ನಭೇದಿ ಅದರ ಹತ್ತಿರ ಸುಳಿಯಬಾರದು ಅನ್ನುವ ಷರತ್ತಿನ ಮೇಲೆ. ಹಾಗಾಗಿ ಚೊಗರು ಹಂಡೆಯಲ್ಲಿ, ಅನ್ನಭೇದಿ ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಹಿಂದಿನ ರಾತ್ರಿಯೇ ಟಾಪನ್ನು ಪಟಿಕದ ನೀರಿನಲ್ಲಿ ನೆನೆಹಾಕಿದ್ದೆ. ನಾಲ್ಕು ಲೀಟರ್ ಗಟ್ಟಿ ಚೊಗರಿಗೆ ಹತ್ತರಷ್ಟು ನೀರು, ಕೈ ಅದ್ದಿದರೆ ತಡೆಯುವಷ್ಟೇ ಬಿಸಿ. ಮೂರು ಗಂಟೆ ಕೋಲಿನಲ್ಲಿ ತಿರುಗಿಸುತ್ತಲೇ ಇದ್ದೆ. ತಿರುಗಿಸದಿದ್ದರೆ ಮಡಿಕೆ ಇದ್ದಲ್ಲಿ ಪಟ್ಟೆ ಬೀಳುತ್ತದೆ. ಅಷ್ಟು ತಿರುಗಿಸಿಯೂ ನೆತ್ತಿಯ ಮೇಲೆ ಒಂದು ಕಡೆ ಮಚ್ಚೆ ಬಿದ್ದಿದೆ. ಒಂದು ಫೋನ್ ಬಂದಿತ್ತು, ಐದು ನಿಮಿಷ ಮಾತಾಡಿದೆ, ಆ ಐದು ನಿಮಿಷದ್ದು ಅದು. ಈಗಲೂ ಅಂಗಳದ ಮೇಲಿನ ದರೆ ಹತ್ತಿ ನೋಡಿದರೆ ಕಾಣುತ್ತದೆ.

ಡ್ರಮ್ಮಿನಿಂದ ಎತ್ತಿ ತಂತಿಯ ಮೇಲೆ ಹಾಕಿದಾಗ ಬಣ್ಣ ತಿರುಗುವುದನ್ನು ನೋಡಲು ಕೆಲಸಕ್ಕೆ ಬಂದವರೂ ಕತ್ತಿ ಕೆಳಗಿಟ್ಟು ನಿಂತರು. ಆಮೇಲೆ ಮತ್ತೆ ಹಳ್ಳಕ್ಕೆ ಹೊತ್ತು, ನೀರಿನಲ್ಲಿ ಬಣ್ಣ ಬಿಡುವುದು ನಿಲ್ಲುವ ತನಕ ಜಾಲಿಸಿದ್ದಾಯಿತು. ಬಿಳಿ ಟವೆಲಿನಲ್ಲಿ ಒತ್ತಿ ನೋಡಿದೆ. ಮದುವೆ ಪಂಚೆಯ ಭಯ ಇತ್ತಲ್ಲ. ಟವೆಲು ಬಿಳಿಯಾಗೇ ಉಳಿಯಿತು.

ಅಲ್ಲಿಗೆ ಗೆದ್ದೆ ಅಂದುಕೊಂಡು ಟಾಪನ್ನು ಎರಡು ದಿನ ಚೆನ್ನಾಗಿ ಒಣಗಿಸಿದೆ. ಅದೇ ತಪ್ಪಾದದ್ದು. ಮೂರನೇ ದಿನ ಜೀಪಿನ ಮೇಲೆ ಟಾಪನ್ನು ಹೊರುವ ಕಮಾನುಗಳಿಗೆ ಹಾಕಿ ಹಿಂದಿನಿಂದ ಬಿಗಿದುಕೊಂಡು ಬಂದರೆ, ಮುಂದಿನ ಅಂಚು ವಿಂಡ್‌ಶೀಲ್ಡ್ ಚೌಕಟ್ಟಿಗೆ ಮೂರು ಬೆರಳು ಕಡಿಮೆ. ಬಟನ್ನುಗಳು ಒಂದು ಕಡೆ, ಅವುಗಳ ತೂತುಗಳು ಒಂದು ಕಡೆ. ಕುದಿಸಿಲ್ಲ, ಉಗುರು ಬಿಸಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ, ಆದರೂ ಕುಗ್ಗಿತ್ತು. ಇಷ್ಟು ವರ್ಷ ಮಳೆ ಕಂಡ ಬಟ್ಟೆ ಇನ್ನೇನು ಕುಗ್ಗುತ್ತದೆ ಅಂತ ನಾನು ಲೆಕ್ಕ ಹಾಕಿದ್ದೆ. ಅಷ್ಟು ವರ್ಷವೂ ಅದು ಕಮಾನಿನ ಮೇಲೆ ಬಿಗಿದುಕೊಂಡೇ ನೆನೆದದ್ದು, ಬಿಗಿದುಕೊಂಡೇ ಒಣಗಿದ್ದು. ಬಿಡುವು ಸಿಕ್ಕಿದ್ದು ಇದೇ ಮೊದಲು.

ನನಗೆ ಅಳು ಬರುವುದೊಂದು ಬಾಕಿ. ಭಾಯ್‌ಗೆ ಫೋನ್ ಮಾಡಿದೆ. ಅವರು ನಕ್ಕು, ನೀರು ಹಾಕಿ ಎಳೀರಿ ಸ್ವಾಮಿ, ನಿಧಾನ ಎಳೀರಿ ಅಂದರು. ಟಾಪಿನ ಮೇಲೆ ಕೊಡ ಕೊಡ ನೀರು ಹೊಯ್ದು ಅರ್ಧ ಗಂಟೆ ಬಿಟ್ಟೆವು. ಅಪ್ಪಯ್ಯ ಬಾನೆಟ್ಟಿನ ಮೇಲೆ ಮೊಣಕಾಲೂರಿ ಮುಂದಕ್ಕೆ ಎಳೆದರು, ನಾನು ಒಳಗಿನಿಂದ ಕಮಾನನ್ನು ಭುಜದಲ್ಲಿ ಒತ್ತಿದೆ. ಒಮ್ಮೆಗೇ ಅಲ್ಲ. ಒಂದು ಬಟನ್, ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು ಬಟನ್. ಕಾಫಿ ಕುಡಿದು ಬಂದು ಮೂರನೆಯದು. ಕೊನೆಯ ಬಟನ್ ಕೂತಾಗ ಸಂಜೆಯಾಗಿತ್ತು. ರಾತ್ರಿಯೆಲ್ಲ ಹಾಗೇ ಬಿಗಿದುಕೊಂಡು ಒಣಗಿ, ಬೆಳಿಗ್ಗೆ ಬೆರಳಲ್ಲಿ ಬಡಿದರೆ ಚೆಂಡೆಯ ಹಾಗೆ ಶಬ್ದ ಬರುತ್ತಿತ್ತು. ಟಾಪ್ ತೊಳೆದವರು ಯಾರೇ ಆಗಲಿ, ಹಸಿ ಇರುವಾಗಲೇ ಗಾಡಿಗೆ ಹಾಕಿ ಗಾಡಿಯ ಮೇಲೇ ಒಣಗಿಸಿ.

ಇನ್ನು ನೀರು ತಡೆಯುವ ಕೆಲಸ. ಇದಕ್ಕೆ ಸಲಹೆ ಕೊಟ್ಟವರ ಪಟ್ಟಿ ದೊಡ್ಡದಿದೆ. ಒಬ್ಬರು ಗೇರೆಣ್ಣೆ ಅಂದರು. ಕರಾವಳಿಯಲ್ಲಿ ದೋಣಿಗೆ ಹಚ್ಚುತ್ತಾರೆ, ನಿಜ, ಆದರೆ ಮೈಗೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ. ಒಬ್ಬರು ಎಂಜಿನ್ನಿನ ವೇಸ್ಟ್ ಆಯಿಲ್ ಅಂದರು. ಬೇಲಿ ಗೂಟಕ್ಕೆ ಸರಿ, ತಲೆ ಮೇಲೆ ಹಾಕಿಕೊಳ್ಳುವುದಕ್ಕಲ್ಲ. ಅಗಸೆ ಎಣ್ಣೆ ಅಂದವರ ಮಾತಿನಲ್ಲಿ ಹುರುಳಿತ್ತು, ಹಿಂದಿನ ಕಾಲದ ನಾವಿಕರ ಮಳೆಕೋಟು ಅದರಲ್ಲೇ ಆಗುತ್ತಿದ್ದದ್ದು. ಆದರೆ ಬಟ್ಟೆ ಬಿರುಸಾಗಿ ಮಡಿಕೆಯಲ್ಲಿ ಬಿರಿಯುತ್ತದೆ. ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಬಿಸಾಕಿದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವುದೂ ಉಂಟು. ಹುಲ್ಲಿನ ಬಣವೆ ಪಕ್ಕದಲ್ಲೇ ಇರುವ ಮನೆಗೆ ಅದು ಬೇಡ.

ನಾನು ಎರಡನ್ನು ಪರೀಕ್ಷೆಗೆ ಇಟ್ಟುಕೊಂಡೆ. ಒಂದು, ಬಟ್ಟೆಯನ್ನು ಬಾರ್ ಸೋಪಿನ ನೀರಿನಲ್ಲಿ ನೆನೆಸಿ ಹಿಂಡಿ, ಆಮೇಲೆ ಪಟಿಕದ ನೀರಿಗೆ ಹಾಕುವುದು. ಎರಡೂ ಸೇರಿ ನೂಲಿನೊಳಗೆ ನೀರಿಗೆ ಕರಗದ ಜಿಡ್ಡೊಂದು ಕೂರುತ್ತದೆ. ಹಳೇ ಉಪಾಯ, ಖರ್ಚಿಲ್ಲದ್ದು. ಇನ್ನೊಂದು ಮೇಣ. ಉಳಿದ ತುಂಡುಗಳನ್ನು ಚೀಲದ ಹಾಗೆ ಕಟ್ಟಿ, ಒಂದೊಂದು ಲೋಟ ನೀರು ಹೊಯ್ದು ತೊಟ್ಟಿಲ ಕೊಕ್ಕೆಗೆ ನೇತು ಹಾಕಿದೆ. ಸೋಪು ಪಟಿಕದ್ದು ಬೆಳಿಗ್ಗೆ ಹೊತ್ತಿಗೆ ತಳದಲ್ಲಿ ಬೆವರಿತ್ತು. ಮೇಣದ್ದು ಮೂರು ದಿನವಾದರೂ ಒಣಗೇ ಇತ್ತು. ಮೂರನೇ ದಿನ ಅಮ್ಮನ ತಲೆಗೆ ತಾಗಿ ನೀರೆಲ್ಲ ಅವಳ ಮೈಮೇಲೆ ಬಿತ್ತು. ಪರೀಕ್ಷೆ ಅಲ್ಲಿಗೆ ಮುಗಿಯಿತು.

ಮೇಣಕ್ಕೆ 800 ಗ್ರಾಂ ಪ್ಯಾರಾಫಿನ್, 200 ಗ್ರಾಂ ಜೇನುಮೇಣ, 5 ಲೀಟರ್ ಟರ್ಪಂಟೈನ್. ಜೇನುಮೇಣ ತುಡುವೆ ಸಾಕಿದ ನೆರೆಮನೆಯಿಂದ ಬಂತು, ಬೆಲ್ಲದಚ್ಚಿನ ಗಾತ್ರದ್ದು. ಪ್ಯಾರಾಫಿನ್ ಒಂದೇ ಆದರೆ ಚಳಿಯಲ್ಲಿ ಬಿರಿದು ಉದುರುತ್ತದೆ, ಜೇನುಮೇಣ ಅದಕ್ಕೆ ಸ್ವಲ್ಪ ಬಾಗುವ ಗುಣ ಕೊಡುತ್ತದೆ. ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಡಬ್ಬ ಇಟ್ಟು ಕರಗಿಸಿದೆ. ಆಮೇಲೆ ಒಲೆಯಿಂದ ದೂರ, ಅಂಗಳದ ಆಚೆ ತುದಿಗೆ ತಂದು ಟರ್ಪಂಟೈನಿಗೆ ಸ್ವಲ್ಪ ಸ್ವಲ್ಪವೇ ಬೆರೆಸಿದೆ. ಟರ್ಪಂಟೈನಿನ ಆವಿಗೆ ಬೆಂಕಿ ಬೇಗ ಹತ್ತುತ್ತದೆ. ಆ ದಿನ ಅಪ್ಪಯ್ಯನ ಬೀಡಿ ಕಟ್ಟು ನನ್ನ ಜೇಬಿನಲ್ಲಿತ್ತು.

ಈ ಮಿಶ್ರಣ ಬಿಸಿ ಇರುವಾಗ ತೆಳು ಮಜ್ಜಿಗೆ, ಸ್ವಲ್ಪ ಆರಿದರೆ ಚಳಿಗಾಲದ ತುಪ್ಪ. ಹಾಗಾಗಿ ಡಬ್ಬವನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟುಕೊಂಡೇ ಹಚ್ಚಬೇಕು. ಮಧ್ಯಾಹ್ನ ಹನ್ನೆರಡರ ಬಿಸಿಲಿಗೆ ಜೀಪನ್ನು ನಿಲ್ಲಿಸಿ, ಬಟ್ಟೆ ಕೈಗೆ ಬಿಸಿ ತಾಗುವ ಹಾಗಾದ ಮೇಲೆ ಬ್ರಶ್ಶಿನಲ್ಲಿ ಎಳೆದೆ. ಹಚ್ಚಿದಲ್ಲೆಲ್ಲ ಬಣ್ಣ ಒಂದು ಮಟ್ಟ ಕಪ್ಪಾಗುತ್ತಾ ಹೋಯಿತು. ಪಾಚಿ ಹಸಿರು ಹೋಗಿ ಈಗ ಹಲಸಿನ ಎಲೆಗೆ ಹತ್ತಿರ ಬಂತು! ಇದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ, ಅದೃಷ್ಟ. ಹಿಂದಿನ ಪರದೆಯ ಪ್ಲಾಸ್ಟಿಕ್ ಕಿಟಕಿಗೆ ಪೇಪರ್ ಅಂಟಿಸಿದ್ದೆ. ಒಂದು ಮೂಲೆಯ ಟೇಪು ಎದ್ದಿತ್ತು, ನೋಡಲಿಲ್ಲ. ಟರ್ಪಂಟೈನ್ ತಾಗಿ ಅಲ್ಲಿ ಕಣ್ಣಿಗೆ ಪೊರೆ ಬಂದ ಹಾಗೆ ಆಗಿದೆ. ಅದು ಹೋಗುವುದಿಲ್ಲ.

ಒಟ್ಟು ಖರ್ಚು ಹೊಲಿಗೆ ಸೇರಿ 1,900 ರೂಪಾಯಿಯ ಆಸುಪಾಸು. ದಿನ ಹನ್ನೊಂದು.

ವಾಸನೆ ಮಾತ್ರ ಇಳಿಯಲು ಎರಡು ವಾರ ಬೇಕಾಯಿತು. ಅಷ್ಟು ದಿನ ಅಮ್ಮ ಬಸ್ಸಿನಲ್ಲೇ ಓಡಾಡಿದಳು. ಮೇಣ ಹಚ್ಚಿದ ಟಾಪಿಗೆ ಧೂಳೂ ಬೇಗ ಹಿಡಿಯುತ್ತದೆ. ಬಿಸಿಲಲ್ಲಿ ನಿಲ್ಲಿಸಿ ಭುಜ ತಾಗಿಸಿದರೆ ಅಂಗಿಗೆ ಜಿಡ್ಡಿನ ಗುರುತು. ಬೆಂಗಳೂರಿನಲ್ಲಿ ವೀಕೆಂಡಿಗೆ ಜೀಪ್ ತೆಗೆಯುವ ಗೆಳೆಯನೊಬ್ಬ ತನಗೂ ಹೀಗೇ ಮಾಡುತ್ತೇನೆ ಅಂದ. ಬೇಡ, ಅಂಗಡಿಯಲ್ಲಿ ಸಿಗುವ ಸಿಲಿಕೋನ್ ಸ್ಪ್ರೇ ಹೊಡಿ ಸಾಕು ಅಂದೆ. ಅವನಿಗೆ ಬರುವ ಮಳೆಗೆ ಅಷ್ಟು ಸಾಕು.

ಜೂನ್ ಎರಡನೇ ವಾರ ಸರಿಯಾದ ಮಳೆ ಹಿಡಿಯಿತು. ಅಪ್ಪಯ್ಯ ಪಕ್ಕದಲ್ಲಿ ಕೂತರು, ಕೊಡೆಯನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು. ನಂಬಿಕೆ ಇರಲಿಲ್ಲ ಅಂತ ಕಾಣುತ್ತದೆ. ನೆತ್ತಿಯ ಮೇಲೆ ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಗುಂಡಗಾಗಿ ಉರುಳುತ್ತಿತ್ತು. ನಡುವಿನ ಹೊಲಿಗೆ ಒಣಗೇ ಇತ್ತು. ಬಿದರಗೋಡು ದಾಟುವ ತನಕ ಒಂದು ಹನಿ ಇಲ್ಲ. ಆಮೇಲೆ ನನ್ನ ಬಲಭುಜಕ್ಕೆ ತಣ್ಣಗೆ ಏನೋ ತಾಗಿತು. ಬಲಬದಿಯ ಸೂರಂಚು, ನೈಲಾನ್ ಹೊಲಿಗೆ. ಸಾಲಾಗಿ ಒಂದೊಂದು ಸೂಜಿ ತೂತಿನಲ್ಲೂ ಒಂದೊಂದು ಮಣಿ ನೀರು.

ಮಾರನೇ ದಿನ ಮಳೆ ಬಿಟ್ಟ ಹೊತ್ತಿನಲ್ಲಿ ಜೀಪನ್ನು ಕೊಟ್ಟಿಗೆಗೆ ಹಾಕಿ, ಆ ಹೊಲಿಗೆಯನ್ನು ಒಣಗಿಸಿ, ಉಳಿದಿದ್ದ ಜೇನುಮೇಣದ ತುಂಡನ್ನು ಒತ್ತಿ ಒತ್ತಿ ಉಜ್ಜಿದೆ. ತಂಗಿಯ ಹೇರ್ ಡ್ರೈಯರಿನಲ್ಲಿ ಬಿಸಿ ಕೊಟ್ಟಾಗ ಮೇಣ ಕರಗಿ ತೂತಿಗೆ ಇಳಿಯಿತು. ಮುಕ್ಕಾಲು ಪಾಲು ನಿಂತಿದೆ. ಇನ್ನೂ ಎರಡು ಕಡೆ ಜೋರು ಮಳೆಗೆ ಹನಿಯುತ್ತದೆ, ಅದು ಬೀಳುವುದು ಡ್ರೈವರ್ ಭುಜದ ಮೇಲೆ. ಅಂದರೆ ನನ್ನ ಮೇಲೆ. ಅಪ್ಪಯ್ಯನಿಗೆ ಅದರ ಬಗ್ಗೆ ದೂರಿಲ್ಲ.

ದೀಪಾವಳಿ ಹೊತ್ತಿಗೆ ಬೆಲ್ಟ್ ಬಿಚ್ಚಿ ನೋಡಿದೆ. ನೆತ್ತಿಯ ಬಣ್ಣ ಒಂದಿಷ್ಟು ಇಳಿದಿದೆ, ಬದಿಯದ್ದು ಹಾಗೇ ಇದೆ. ಬೂಸ್ಟು ಸ್ಟೆಪ್ನಿ ಒರಗುವ ಜಾಗದಲ್ಲಿ ಮಾತ್ರ. ಈ ಮೇ ತಿಂಗಳು ನೆತ್ತಿಗೊಂದು ಕೋಟು ಮೇಣ ಹಚ್ಚಬೇಕು, ಅಷ್ಟರೊಳಗೆ ಭಾಯ್ ಹತ್ತಿ ನೂಲು ತರಿಸಿದರೆ ಬಲಬದಿ ಬಿಚ್ಚಿ ಹೊಲಿಸಬೇಕು. ಈ ಸಲ ಅಡಿಕೆ ಬೇಯಿಸಿ ಮುಗಿದ ದಿನ ಅಪ್ಪಯ್ಯ ಒಂದು ಡಬ್ಬ ಚೊಗರನ್ನು ಬೇರೆಯೇ ತೆಗೆದು ಅಟ್ಟದ ಮೇಲಿಟ್ಟಿದ್ದಾರೆ. ಯಾಕೆ ಅಂತ ಕೇಳಿದ್ದಕ್ಕೆ, ಸುಮ್ನೆ ಇರ್ಲಿ ಅಂದರು.